ಬೆಳ್ಳಿಯ ಪದಕ

ಪದಕವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವನು ರಣರಂಗದಲ್ಲಿ ಪರಾಕ್ರಮ ಮೆರೆದ ಯೋಧ. ಇಲ್ಲವೆ ಓಟದ ಪಂದ್ಯದಲ್ಲಿ ಎಲ್ಲರಿಗಿಂತ ಮುಂದೆ ಬಂದ ಕ್ರೀಡಾಪಟು. ಗೆದ್ದವನಿಗೆ ಗೌರವ ಸಲ್ಲಿಸುವುದು ಲೋಕದ ರೂಢಿ. ಆದರೆ ತಾನು ದುಡಿದು ಕಲಿತ ವಿದ್ಯೆಯನ್ನು ಬಚ್ಚಿಡದೆ, ಅದನ್ನು ಬರೆದು ಇತರರಿಗೆ ತಿಳಿಸಿದನೆಂಬ ಕಾರಣಕ್ಕಾಗಿ ಒಬ್ಬನಿಗೆ ಪದಕವನ್ನು ಕೊಡುವುದುಂಟೆ? ಅಂತಹ ಪದಕವೂ ಉಂಟು. ಅದನ್ನು ಪಡೆದ ಒಬ್ಬ ಕುಶಲ ಕರ್ಮಿಯ ಬಾಳನ್ನೂ, ಅವನ ಕೆಲಸದ ಮರ್ಮವನ್ನೂ ತಿಳಿದುಕೊಂಡರೆ ಆ ಪದಕದ ನಿಜವಾದ ಬೆಲೆ ನಮಗೆ ಅರಿವಾಗುತ್ತದೆ.

1844ರಲ್ಲಿ ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಯು ಸ್ಕಾಟ್ಲೆಂಡಿನ ಜೇಮ್ಸ್ ಬ್ರೆಮ್ನರ್ ಎಂಬುವನಿಗೆ ಬೆಳ್ಳಿಯ ಪದಕವೊಂದನ್ನು ನೀಡಿತು. ಅದರ ಹೆಸರು ಟೆಲ್ಫರ್ಡ್ ಪದಕ. ಬ್ರೆಮ್ನರನು ಆ ಸಂಸ್ಥೆಗೆ ಕಳುಹಿಸಿದ್ದ ಬರಹಗಳು ನಾಲ್ಕು ಸಂಗತಿಗಳನ್ನು ಕುರಿತಿದ್ದವು: ಪುಲ್ಟ್ನಿಟೌನ್ ಎಂಬ ಬಂದರು, ಸಾರ್ಕ್ಲೆಟ್ ಎಂಬ ಇನ್ನೊಂದು ಬಂದರು, ಮರದ ಕಂಬಗಳನ್ನು ನೆಲದೊಳಕ್ಕೆ ಇಳಿಸುವ ಹೊಸ ಯಂತ್ರ, ಬಂದರಿನ ಕೆಲಸಕ್ಕೆ ಬೇಕಾದ ಭಾರಿ ಕಲ್ಲುಗಳನ್ನು ನೀರಿನ ಮೇಲೆ ತೇಲಿಸಿಕೊಂಡು ಹೋಗುವ ಸಾಧನ. ಕಲ್ಲು ನೀರಿನಲ್ಲಿ ಮುಳುಗುತ್ತದೆಯೆಂಬುದು ಮಕ್ಕಳಿಗೂ ಗೊತ್ತು. ಅದನ್ನು ತೇಲಿಸುವ ಅಗತ್ಯವಾದರೂ ಏಕೆ ಬಂದಿತು? ತೇಲಿಸಿದ ಬಗೆ ಯಾವುದು? ಇದನ್ನು ತಿಳಿಯಲು ನಾವು ಸ್ಕಾಟ್ಲೆಂಡಿನ ಉತ್ತರದ ಅಂಚಿಗೆ ಹೋಗಬೇಕು.

ಬ್ರಿಟನ್ ದ್ವೀಪದ ಈಶಾನ್ಯದ ತುತ್ತತುದಿಯಲ್ಲಿ ಕೇತ್ನೆಸ್ ಎಂಬ ಸೀಮೆಯಿದೆ. ಮರಗಳು ವಿರಳವಾದ, ಗಾಳಿ ಬಿಡದೆ ಬೀಸುವ ನಾಡು ಅದು. ಅದರ ಪೂರ್ವದ ಅಂಚಿನಲ್ಲಿ ಕಡಿದಾದ ಬಂಡೆಗಳು ಗೋಡೆಯಂತೆ ನಿಂತಿವೆ. ಅವುಗಳ ಬುಡಕ್ಕೆ ಉತ್ತರ ಸಮುದ್ರದ ಅಲೆಗಳು ಬಂದು ಅಪ್ಪಳಿಸುತ್ತವೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಮೊದಲ್ಗೊಂಡು ಉತ್ತರ ಸ್ಕಾಟ್ಲೆಂಡಿನ ಜಮೀನುದಾರರು ಒಳನಾಡಿನ ಕಣಿವೆಗಳಲ್ಲಿದ್ದ ಒಕ್ಕಲು ಕುಟುಂಬಗಳನ್ನು ಬಿಡಿಸಿ, ಆ ನೆಲವನ್ನು ಕುರಿಗಳ ಮೇವಿಗೆ ಒಪ್ಪಿಸತೊಡಗಿದರು. ತಲೆತಲಾಂತರದಿಂದ ನೇಗಿಲು ಹಿಡಿದಿದ್ದ ಜನ ಕಡಲ ದಂಡೆಗೆ ಬಂದು ಬಿದ್ದರು. ಅವರಿಗೆ ಜೀವನಕ್ಕೆ ಉಳಿದ ದಾರಿಗಳಲ್ಲಿ ಮುಖ್ಯವಾದುದು ಮೀನುಗಾರಿಕೆ. ಬೇಸಿಗೆಯ ತಿಂಗಳುಗಳಲ್ಲಿ ಹೆರಿಂಗ್ ಎಂಬ ಮೀನು ಆ ಕರಾವಳಿಯ ಬಳಿಗೆ ಹಿಂಡುಹಿಂಡಾಗಿ ಬರುತ್ತಿತ್ತು. ಅದನ್ನು ಹಿಡಿದು, ಉಪ್ಪು ಹಾಕಿ, ಪೀಪಾಯಿಗಳಲ್ಲಿ ತುಂಬಿ ದೂರದೇಶಗಳಿಗೆ ಕಳುಹಿಸಿದರೆ ಸಾವಿರಾರು ಮನೆಗಳ ಒಲೆ ಉರಿಯುತ್ತಿತ್ತು.

ಆದರೆ ಮೀನು ಹಿಡಿಯಲು ಹೋದ ದೋಣಿ ಸುರಕ್ಷಿತವಾಗಿ ಹಿಂದಿರುಗಲು ನೆಲೆ ಬೇಕಷ್ಟೆ? ಆ ಬಂಡೆಗಳ ತೀರದಲ್ಲಿ ಅಂತಹ ನೆಲೆಗಳು ಇರಲಿಲ್ಲ. 1786ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಮೀನುಗಾರಿಕಾ ಸಂಘವು ಈ ಕೊರತೆಯನ್ನು ನೀಗಲು ಮುಂದಾಯಿತು. ಅದು ಥಾಮಸ್ ಟೆಲ್ಫರ್ಡ್ ಎಂಬ ಇಂಜಿನಿಯರನನ್ನು ಕರಾವಳಿಯ ಪರಿಶೀಲನೆಗಾಗಿ ಕಳುಹಿಸಿತು. ಟೆಲ್ಫರ್ಡನು ವಿಕ್ ಎಂಬ ಊರಿನ ಬಳಿ, ನದಿಯೊಂದು ಕೊಲ್ಲಿಯನ್ನು ಸೇರುವ ಕಡೆ, ಬಂದರಿಗೆ ತಕ್ಕ ಸ್ಥಳವನ್ನು ಗುರುತಿಸಿದನು. ಅವನ ನಕ್ಷೆಯಂತೆ 1803ರಲ್ಲಿ ಕೆಲಸ ಆರಂಭವಾಗಿ, 1811ರ ವೇಳೆಗೆ ಒಳ ಬಂದರು ಸಿದ್ಧವಾಯಿತು. ಬಂದರಿನ ಬದಿಯಲ್ಲಿ ಮೀನುಗಾರರಿಗೂ ಕಸುಬುದಾರರಿಗೂ ಮನೆಗಳುಳ್ಳ ಹೊಸ ಪಟ್ಟಣವೊಂದು ಎದ್ದಿತು. ಸಂಘದ ಅಧ್ಯಕ್ಷನಾಗಿದ್ದ ಸರ್ ವಿಲಿಯಂ ಪುಲ್ಟ್ನಿಯ ಹೆಸರಿನಿಂದ ಅದಕ್ಕೆ ಪುಲ್ಟ್ನಿಟೌನ್ ಎಂದು ಹೆಸರಾಯಿತು. ಮೀನುಗಾರಿಕೆ ಬೆಳೆದಂತೆಲ್ಲ ಒಳ ಬಂದರು ಸಾಲದಾಗಿ, ಅದರ ಹೊರಗೆ ಇನ್ನೊಂದು ಬಂದರನ್ನು ಕಟ್ಟಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನ ವೇಳೆಗೆ ಅಲ್ಲಿ ಸಾವಿರದಷ್ಟು ದೋಣಿಗಳು ಸೇರುತ್ತಿದ್ದವು.

ಜೇಮ್ಸ್ ಬ್ರೆಮ್ನರನು ಈ ಸೀಮೆಯ ಮಗ. ಅವನು ಹುಟ್ಟಿದ್ದು 1784ರಲ್ಲಿ, ವಿಕ್ ಪಟ್ಟಣಕ್ಕೆ ಉತ್ತರದಲ್ಲಿರುವ ಕೀಸ್ ಎಂಬ ಹಳ್ಳಿಯ ಸಮೀಪದಲ್ಲಿ. ತಂದೆ ಸಾಮಾನ್ಯ ಸೈನಿಕ. ಒಂಬತ್ತು ಮಕ್ಕಳಲ್ಲಿ ಜೇಮ್ಸನೇ ಕೊನೆಯವನು. ಬಡತನದ ಆ ಮನೆಯಲ್ಲಿ ಹೆಚ್ಚಿನ ಶಾಲಾಶಿಕ್ಷಣಕ್ಕೆ ಅವಕಾಶವಿರಲಿಲ್ಲ. ಹುಡುಗನು ಸ್ಕಾಟ್ಲೆಂಡಿನ ಪಶ್ಚಿಮದ ಗ್ರೀನಾಕ್ ಎಂಬ ಊರಿಗೆ ಹೋಗಿ, ಹೆಸರಾಂತ ಹಡಗುಕಟ್ಟೆಯೊಂದರಲ್ಲಿ ಉಮೇದುವಾರನಾಗಿ ಸೇರಿಕೊಂಡನು. ಅಲ್ಲಿ ಉಳಿ, ಕೊಡಲಿ, ಗರಗಸಗಳೇ ಅವನ ಬಳಪ. ಮರದ ತೊಲೆಗಳೇ ಅವನ ಹಲಗೆ. ಕೆಲವು ವರ್ಷ ಅಲ್ಲಿ ದುಡಿದು, ಸಮುದ್ರಯಾನವನ್ನೂ ಮಾಡಿ ಬಂದ ಬಳಿಕ, ತನ್ನ ಸೀಮೆಗೆ ಮರಳಿ ಪುಲ್ಟ್ನಿಟೌನಿನಲ್ಲಿ ಸ್ವಂತ ಹಡಗುಕಟ್ಟೆಯನ್ನು ತೆರೆದನು. ತನ್ನ ಬಾಳಿನಲ್ಲಿ ಅವನು ಐವತ್ತಕ್ಕೂ ಹೆಚ್ಚು ಹಡಗುಗಳನ್ನು ಕಟ್ಟಿದನು.

ಹಡಗು ಕಟ್ಟುವವನಿಗೆ ಬಂದರು ಕಟ್ಟುವ ಕೆಲಸವೂ, ಮುಳುಗಿದ ಹಡಗನ್ನು ಎತ್ತುವ ಕೆಲಸವೂ ತಾವಾಗಿಯೇ ಬಂದು ಸೇರಿದವು. ಬಂಡೆಗಳಿಂದ ತುಂಬಿದ ಆ ತೀರದಲ್ಲಿ ಹಡಗುಗಳು ಒಡೆಯುವುದು ಅಪರೂಪವಾಗಿರಲಿಲ್ಲ. ಮರಳಿನಲ್ಲಿ ಹೂತ, ಬಂಡೆಗೆ ಸಿಕ್ಕಿಕೊಂಡ, ನೀರು ತುಂಬಿ ಮುಳುಗಿದ ಇನ್ನೂರಕ್ಕೂ ಹೆಚ್ಚು ಹಡಗುಗಳನ್ನು ಅವನು ತನ್ನ ಜೀವಮಾನದಲ್ಲಿ ಮೇಲೆತ್ತಿದನೆಂದು ಹೇಳುತ್ತಾರೆ. ಸಮುದ್ರವು ಹಗೆಯೂ ಹೌದು, ಹಿಡಿಯುವ ಬಗೆ ಬಲ್ಲವನಿಗೆ ಆಳೂ ಹೌದು ಎಂಬುದನ್ನು ಬ್ರೆಮ್ನರನು ಈ ಕೆಲಸದಿಂದ ಕಲಿತನು. ಆ ಪಾಠವೇ ಬಂದರಿನ ಕೆಲಸದಲ್ಲಿ ಅವನಿಗೆ ನೆರವಾಯಿತು. ಪುಲ್ಟ್ನಿಟೌನಿನ ಬಂದರಲ್ಲದೆ ಕೀಸ್, ಸಾರ್ಕ್ಲೆಟ್ ಮೊದಲಾದ ಸಣ್ಣ ಊರುಗಳ ಬಂದರುಗಳಲ್ಲಿಯೂ ಅವನ ಕೈಚಳಕವಿದೆ.

ಬಂದರೆಂದರೆ ತೆರೆದ ಕಡಲಿನ ಒಂದು ಭಾಗಕ್ಕೆ ಕಲ್ಲಿನ ತೋಳುಗಳನ್ನು ಚಾಚಿ, ಅದರೊಳಗಿನ ನೀರನ್ನು ಶಾಂತವಾಗಿರಿಸುವ ಏರ್ಪಾಡು. ಆ ತೋಳುಗಳೇ ಅಲೆತಡೆಗಳು. ನೆಲದ ಮೇಲೆ ಗೋಡೆ ಕಟ್ಟುವವನಿಗೆ ಕೆಲಸದ ನಡುವೆ ಬಿಡುವು ಸಿಕ್ಕುತ್ತದೆ. ನಿನ್ನೆ ಇಟ್ಟ ಕಲ್ಲು ಇಂದೂ ಅಲ್ಲಿಯೇ ಇರುತ್ತದೆ. ಸಮುದ್ರದಲ್ಲಿ ಗೋಡೆ ಕಟ್ಟುವವನಿಗೆ ಆ ಭರವಸೆಯಿಲ್ಲ. ದಿನಕ್ಕೆ ಎರಡು ಬಾರಿ ಭರತ ಬಂದು ಕೆಲಸದ ನೆಲವನ್ನು ಮುಚ್ಚುತ್ತದೆ. ಇಳಿತದ ಕೆಲವೇ ಗಂಟೆಗಳಲ್ಲಿ ಆಳುಗಳು ದುಡಿಯಬೇಕು. ಅಷ್ಟರಲ್ಲಿ ಬಿರುಗಾಳಿಯೆದ್ದರೆ ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಅಲೆಗಳು ಒಂದೇ ರಾತ್ರಿಯಲ್ಲಿ ಕೊಚ್ಚಿಕೊಂಡು ಹೋಗುತ್ತವೆ.

ಅಲೆಯ ಹೊಡೆತವನ್ನು ತಡೆದು ನಿಲ್ಲಬೇಕಾದರೆ ಕಲ್ಲು ದೊಡ್ಡದಾಗಿರಬೇಕು. ಇದಕ್ಕೆ ಸರಳವಾದ ಲೆಕ್ಕವೊಂದುಂಟು. ಘನಾಕೃತಿಯ ಒಂದು ಕಲ್ಲಿನ ಉದ್ದ, ಅಗಲ, ಎತ್ತರಗಳನ್ನು ಎರಡು ಪಾಲು ಮಾಡಿದೆವೆನ್ನೋಣ. ಆಗ ಅಲೆಯ ಹೊಡೆತಕ್ಕೆ ಒಡ್ಡಿಕೊಂಡಿರುವ ಮುಖದ ವಿಸ್ತೀರ್ಣ 4 ಪಾಲಾಗುತ್ತದೆ. ಆದರೆ ಕಲ್ಲಿನ ತೂಕ 8 ಪಾಲಾಗುತ್ತದೆ. ಎಂದರೆ ಕಲ್ಲು ಹಿರಿದಾದಷ್ಟೂ ಹೊಡೆತಕ್ಕಿಂತ ತಾಳಿಕೆಯೇ ಬೇಗ ಹೆಚ್ಚುತ್ತದೆ. ಆದುದರಿಂದ ಸಣ್ಣ ಕಲ್ಲುಗಳ ದೊಡ್ಡ ರಾಶಿಗಿಂತ ದೊಡ್ಡ ಬಂಡೆಗಳ ಗೋಡೆ ಸಮುದ್ರದಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಆದರೆ ಅಂತಹ ಬಂಡೆಗಳನ್ನು ತರುವುದು ಹೇಗೆ? ಆ ಕಾಲದಲ್ಲಿ ಇಂದಿನಂತೆ ಬಲಶಾಲಿಯಾದ ಯಂತ್ರಗಳು ಇರಲಿಲ್ಲ. ಎಷ್ಟೋ ಟನ್ ತೂಗುವ ಕಲ್ಲನ್ನು ಗಾಡಿಯ ಮೇಲೆ ಏರಿಸಿದರೆ ಗಾಡಿ ಮುರಿಯುತ್ತಿತ್ತು; ಸಣ್ಣ ದೋಣಿಯಲ್ಲಿ ಇರಿಸಿದರೆ ದೋಣಿ ಮುಳುಗುತ್ತಿತ್ತು. ದೊಡ್ಡ ಹಡಗನ್ನು ಬಾಡಿಗೆಗೆ ಹಿಡಿಯುವಷ್ಟು ಹಣ ಬಡ ಮೀನುಗಾರರ ಬಂದರಿಗೆ ಎಲ್ಲಿಯದು? ಈ ಕಷ್ಟಕ್ಕೆ ಬ್ರೆಮ್ನರನು ಕಂಡ ಪರಿಹಾರ ಆ ಊರಿನಲ್ಲಿಯೇ ಇತ್ತು. ಮೀನಿಗೆ ಉಪ್ಪು ಹಾಕಿ ತುಂಬುವ ಊರಿನಲ್ಲಿ ಪೀಪಾಯಿಗಳಿಗೂ, ಅವುಗಳನ್ನು ಮಾಡುವ ಕಸುಬುದಾರರಿಗೂ ಬರವಿಲ್ಲ. ಗಾಳಿ ತುಂಬಿದ ಖಾಲಿ ಪೀಪಾಯಿಗಳನ್ನೂ, ಸಮುದ್ರದ ಭರತವನ್ನೂ ಅವನು ತನ್ನ ಕೂಲಿಯಾಳುಗಳನ್ನಾಗಿ ಮಾಡಿಕೊಂಡನು.

ಅವನ ಉಪಾಯದ ತಿರುಳು ಹೀಗಿದೆ. ಸಮುದ್ರವು ಇಳಿದಿರುವಾಗ ದಂಡೆಯ ಮೇಲೆ ಬಿದ್ದಿರುವ ಬಂಡೆಗೆ, ಬಾಯಿ ಬಿಗಿದ ಖಾಲಿ ಪೀಪಾಯಿಗಳನ್ನು ಸರಪಳಿಗಳಿಂದ ಭದ್ರವಾಗಿ ಕಟ್ಟಬೇಕು. ಭರತ ಏರಿದಂತೆ ನೀರು ಪೀಪಾಯಿಗಳನ್ನು ಮೇಲಕ್ಕೆ ಎತ್ತುತ್ತದೆ. ಪೀಪಾಯಿಗಳು ಬಂಡೆಯನ್ನು ನೆಲದಿಂದ ಬಿಡಿಸಿ ಎತ್ತುತ್ತವೆ. ಆಗ ಒಂದು ದೋಣಿಯಿಂದ ಅದನ್ನು ಮೆಲ್ಲನೆ ಎಳೆದುಕೊಂಡು ಹೋಗಿ, ಗೋಡೆಯಲ್ಲಿ ಅದಕ್ಕೆ ಗೊತ್ತಾದ ಸ್ಥಳದ ನೇರಕ್ಕೆ ನಿಲ್ಲಿಸಬೇಕು. ನೀರು ಇಳಿದಂತೆ ಬಂಡೆಯೂ ಇಳಿದು ತನ್ನ ಸ್ಥಳದಲ್ಲಿ ಕುಳಿತುಕೊಳ್ಳುತ್ತದೆ. ಬಳಿಕ ಸರಪಳಿಯನ್ನು ಬಿಚ್ಚಿದರೆ ಪೀಪಾಯಿಗಳು ಮತ್ತೊಂದು ಬಂಡೆಗೆ ಸಿದ್ಧ.

ಇದರ ಹಿಂದಿರುವ ತತ್ತ್ವ ಪ್ರಾಚೀನ ಗ್ರೀಸಿನ ವಿಜ್ಞಾನಿ ಆರ್ಕಿಮಿಡೀಸನು ತಿಳಿಸಿದುದೇ. ನೀರಿನಲ್ಲಿ ಮುಳುಗಿದ ವಸ್ತುವು ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು ಹಗುರವಾಗುತ್ತದೆ. ಒಂದು ಉದಾಹರಣೆಯನ್ನು ನೋಡೋಣ. 10 ಟನ್ ತೂಕದ ಒಂದು ಬಂಡೆಯು ನೀರಿಗಿಂತ ಎರಡೂವರೆ ಪಾಲು ಸಾಂದ್ರವಾಗಿದೆಯೆನ್ನೋಣ. ಅದರ ಗಾತ್ರ 4 ಘನ ಮೀಟರು. ಅಷ್ಟು ಸಮುದ್ರದ ನೀರಿನ ತೂಕ ಸುಮಾರು 4.1 ಟನ್. ಎಂದರೆ ಬಂಡೆ ಪೂರ್ತಿಯಾಗಿ ಮುಳುಗಿದಾಗ ಅದರ ಭಾರದಲ್ಲಿ 4.1 ಟನ್ನನ್ನು ಸಮುದ್ರವೇ ಹೊತ್ತುಕೊಳ್ಳುತ್ತದೆ. ಉಳಿದ 5.9 ಟನ್ ಭಾರವನ್ನು ಮಾತ್ರ ಪೀಪಾಯಿಗಳು ಹೊತ್ತರೆ ಸಾಕು. ಅವುಗಳ ಸ್ವಂತ ತೂಕವನ್ನು ಬಿಟ್ಟು ಲೆಕ್ಕ ಹಾಕಿದರೆ, ಒಟ್ಟು 6 ಘನ ಮೀಟರಿನಷ್ಟು ಗಾಳಿಯನ್ನು ಒಳಗೊಂಡ ಪೀಪಾಯಿಗಳು ಆ ಕೆಲಸಕ್ಕೆ ಸಾಕಾಗುತ್ತವೆ. ಬಂಡೆಯನ್ನು ನೀರಿನ ಮೇಲಕ್ಕೆ ಎತ್ತಿದರೆ ಈ ಲಾಭ ತಪ್ಪಿಹೋಗುತ್ತದೆ. ನೀರಿನಲ್ಲಿ ಮುಳುಗಿಸಿಯೇ ಸಾಗಿಸಬೇಕೆಂಬುದು ಈ ಉಪಾಯದ ಜಾಣ್ಮೆ.

ಕಂಬ ಇಳಿಸುವ ಯಂತ್ರವೂ ಬಂದರಿನ ಕೆಲಸಕ್ಕೆ ಅತ್ಯಗತ್ಯವಾದುದೇ. ತಳ ಗಟ್ಟಿಯಿಲ್ಲದ ಕಡೆ ಮರದ ಕಂಬಗಳನ್ನು ಆಳವಾಗಿ ನೆಡಬೇಕಾಗುತ್ತದೆ. ಇದಕ್ಕಾಗಿ ಭಾರವಾದ ಕಬ್ಬಿಣದ ಗುಂಡನ್ನು ಎತ್ತರಕ್ಕೆ ಸೆಳೆದು, ಕಂಬದ ತಲೆಯ ಮೇಲೆ ಬೀಳಿಸುತ್ತಾರೆ. ಏಟಿಗೆ ಏಟು ಕೂಡಿ ಕಂಬ ಅಂಗುಲ ಅಂಗುಲವಾಗಿ ಇಳಿಯುತ್ತದೆ. ಮಾತಿನಲ್ಲಿ ಸುಲಭವಾದ ಈ ಕೆಲಸ, ಅಲೆಗಳ ನಡುವೆ, ಇಳಿತದ ಅಲ್ಪಾವಧಿಯಲ್ಲಿ ಬಹಳ ಕಷ್ಟದ್ದು. ಇದಕ್ಕೂ ಬ್ರೆಮ್ನರನು ತನ್ನದೇ ಆದ ಹೊಸ ಯಂತ್ರವೊಂದನ್ನು ರಚಿಸಿದ್ದನು.

ಇಷ್ಟೆಲ್ಲ ಜಾಣ್ಮೆ ಒಬ್ಬ ಮನುಷ್ಯನ ಕೈಯಲ್ಲಿಯೂ ತಲೆಯಲ್ಲಿಯೂ ಇತ್ತು. ಅದು ಅಲ್ಲಿಯೇ ಉಳಿದಿದ್ದರೆ ಅವನೊಡನೆಯೇ ಮಣ್ಣುಪಾಲಾಗುತ್ತಿತ್ತು. ಹಿಂದಿನ ಕಾಲದಲ್ಲಿ ಎಷ್ಟೋ ಕಸುಬುಗಳ ಗತಿ ಹೀಗೆಯೇ ಆಯಿತು. ಗುರುವು ತನ್ನ ಗುಟ್ಟನ್ನು ಶಿಷ್ಯನಿಗೆ ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ. ಸೇತುವೆ ಬಿದ್ದರೆ ಏಕೆ ಬಿದ್ದಿತೆಂಬುದನ್ನು ಯಾರೂ ಬರೆದಿಡುತ್ತಿರಲಿಲ್ಲ. ಮುಂದಿನವನು ಅದೇ ತಪ್ಪನ್ನು ಮತ್ತೆ ಮಾಡುತ್ತಿದ್ದನು. ಈ ನಷ್ಟವನ್ನು ಚೆನ್ನಾಗಿ ಅರಿತಿದ್ದವನು ಪುಲ್ಟ್ನಿಟೌನಿನ ನಕ್ಷೆಯನ್ನು ರಚಿಸಿದ ಥಾಮಸ್ ಟೆಲ್ಫರ್ಡನೇ.

ಟೆಲ್ಫರ್ಡನು 1757ರಲ್ಲಿ ದಕ್ಷಿಣ ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯೊಂದರಲ್ಲಿ ಕುರುಬನ ಮಗನಾಗಿ ಹುಟ್ಟಿದನು. ಅವನು ಕೂಸಾಗಿದ್ದಾಗಲೇ ತಂದೆ ತೀರಿಕೊಂಡನು. ತಾಯಿ ಬಡತನದಲ್ಲಿ ಅವನನ್ನು ಬೆಳೆಸಿದಳು. ಹುಡುಗನು ಕಲ್ಲುಕುಟಿಗನ ಬಳಿ ಕೆಲಸ ಕಲಿತು, ಉಳಿ ಸುತ್ತಿಗೆಗಳಿಂದ ಬದುಕನ್ನು ಆರಂಭಿಸಿದನು. ಬಿಡುವಿನಲ್ಲಿ ಪುಸ್ತಕಗಳನ್ನು ಓದಿ ತನ್ನನ್ನು ತಾನೇ ತಿದ್ದಿಕೊಂಡು, ಕಡೆಗೆ ಬ್ರಿಟನ್ನಿನ ಶ್ರೇಷ್ಠ ಇಂಜಿನಿಯರುಗಳಲ್ಲಿ ಒಬ್ಬನೆನಿಸಿದನು. ಸ್ಕಾಟ್ಲೆಂಡನ್ನು ಸೀಳಿಕೊಂಡು ಹೋಗಿ ಎರಡು ಕಡಲುಗಳನ್ನು ಸೇರಿಸುವ ಕ್ಯಾಲಿಡೋನಿಯನ್ ಕಾಲುವೆ, 1826ರಲ್ಲಿ ಮುಗಿದ ವೇಲ್ಸಿನ ಮೆನಾಯ್ ತೂಗುಸೇತುವೆ ಮೊದಲಾದುವು ಅವನ ಕೃತಿಗಳು.

ಸಿವಿಲ್ ಇಂಜಿನಿಯರುಗಳ ಸಂಸ್ಥೆಯನ್ನು 1818ರಲ್ಲಿ ಲಂಡನ್ನಿನ ಒಂದು ಕಾಫಿ ಅಂಗಡಿಯಲ್ಲಿ ಕೆಲವು ತರುಣರು ಸೇರಿ ಕಟ್ಟಿದರು. ಒಬ್ಬರ ಅನುಭವದಿಂದ ಮತ್ತೊಬ್ಬರು ಕಲಿಯಬೇಕೆಂಬುದು ಅವರ ಉದ್ದೇಶವಾಗಿತ್ತು. 1820ರಲ್ಲಿ ಅವರು ಟೆಲ್ಫರ್ಡನನ್ನು ತಮ್ಮ ಮೊದಲ ಅಧ್ಯಕ್ಷನಾಗುವಂತೆ ಬೇಡಿಕೊಂಡರು. ಅವನು ಒಪ್ಪಿ, ಬದುಕಿನ ಕೊನೆಯವರೆಗೂ ಆ ಸ್ಥಾನದಲ್ಲಿದ್ದನು. ಸಭೆಗಳಲ್ಲಿ ನಡೆದ ಚರ್ಚೆಯನ್ನು ಬರೆದಿಡುವ ರೂಢಿಗೆ ಅವನು ಪ್ರೋತ್ಸಾಹ ಕೊಟ್ಟನು. ಮದುವೆಯಾಗದೆ ಉಳಿದ ಟೆಲ್ಫರ್ಡನು 1834ರಲ್ಲಿ ತೀರಿಕೊಂಡಾಗ, ತನ್ನ ಉಯಿಲಿನಲ್ಲಿ ಸಂಸ್ಥೆಗೆ 2,000 ಪೌಂಡುಗಳನ್ನು ಬಿಟ್ಟಿದ್ದನು. ಅದರ ಬಡ್ಡಿಯಿಂದ ವರ್ಷವರ್ಷವೂ ಬಹುಮಾನಗಳನ್ನು ಕೊಡಬೇಕೆಂಬುದು ಅವನ ಇಚ್ಛೆ. ಹೀಗೆ ಟೆಲ್ಫರ್ಡ್ ಪದಕ ಹುಟ್ಟಿತು. ಆರಂಭದ ವರ್ಷಗಳಲ್ಲಿ ಅದನ್ನು ಚಿನ್ನ, ಬೆಳ್ಳಿ, ಕಂಚುಗಳಲ್ಲಿ ನೀಡುತ್ತಿದ್ದರು. ಪದಕದ ಒಂದು ಮುಖದಲ್ಲಿ ಟೆಲ್ಫರ್ಡನ ಚಿತ್ರ. ಮತ್ತೊಂದು ಮುಖದಲ್ಲಿ ಅವನ ಮೆನಾಯ್ ಸೇತುವೆ.

ಈ ಪದಕವನ್ನು ಪಡೆಯಲು ದೊಡ್ಡ ಸೇತುವೆಯನ್ನೋ ಕಾಲುವೆಯನ್ನೋ ಕಟ್ಟಿದರೆ ಮಾತ್ರ ಸಾಲದು. ಮಾಡಿದ ಕೆಲಸವನ್ನು ಸ್ಪಷ್ಟವಾಗಿ ಬರೆದು, ಚಿತ್ರಗಳೊಡನೆ ಸಂಸ್ಥೆಯ ಮುಂದಿಡಬೇಕು. ಉಳಿದವರು ಅದನ್ನು ಓದಿ, ಪ್ರಶ್ನಿಸಿ, ತಿದ್ದಿ, ತಮ್ಮ ಕೆಲಸದಲ್ಲಿ ಬಳಸಿಕೊಳ್ಳುವಂತಿರಬೇಕು. ಬ್ರೆಮ್ನರನಿಗೆ ಬೆಳ್ಳಿಯ ಪದಕ ಬಂದುದು ಇದಕ್ಕಾಗಿ. ಸೈನಿಕನ ಮಗನೊಬ್ಬ, ಶಾಲೆಯಲ್ಲಿ ಹೆಚ್ಚು ಕಾಲ ಕುಳಿತುಕೊಳ್ಳದ ಹಡಗಿನ ಬಡಗಿಯೊಬ್ಬ, ಅರುವತ್ತು ವರ್ಷ ತುಂಬುವ ಪ್ರಾಯದಲ್ಲಿ ರಾಜಧಾನಿಯ ವಿದ್ವತ್ಸಭೆಯ ಮನ್ನಣೆಗೆ ಪಾತ್ರನಾದನು. ಇನ್ನೊಂದು ಸ್ವಾರಸ್ಯವೂ ಇಲ್ಲಿದೆ. ಕಲ್ಲುಕುಟಿಗನಾಗಿದ್ದ ಟೆಲ್ಫರ್ಡನು ಯಾವ ಬಂದರಿಗೆ ಮೊದಲ ನಕ್ಷೆಯನ್ನು ಬರೆದನೋ, ಅದೇ ಬಂದರಿನ ವಿವರಣೆಗಾಗಿ, ಅವನ ಮುಖವನ್ನು ಹೊತ್ತ ಪದಕವು ಬ್ರೆಮ್ನರನ ಕೈ ಸೇರಿತು.

ಪದಕ ಬಂದ ಮೇಲೆ ಬ್ರೆಮ್ನರನು ವಿಶ್ರಾಂತಿಗೆ ತೊಡಗಲಿಲ್ಲ. 1846ರ ಸೆಪ್ಟೆಂಬರ್ 22ರಂದು ಗ್ರೇಟ್ ಬ್ರಿಟನ್ ಎಂಬ ಹೆಸರಿನ ಹಡಗು ಲಿವರ್‌ಪೂಲಿನಿಂದ ನ್ಯೂಯಾರ್ಕಿಗೆ ಹೊರಟು, ದಾರಿ ತಪ್ಪಿ, ಐರ್ಲೆಂಡಿನ ಡಂಡ್ರಮ್ ಕೊಲ್ಲಿಯ ಮರಳಿನಲ್ಲಿ ಹೂತುಹೋಯಿತು. ಅದು 322 ಅಡಿ ಉದ್ದದ ಕಬ್ಬಿಣದ ಹಡಗು. ಆ ಕಾಲದ ಹಡಗುಗಳಲ್ಲೆಲ್ಲ ದೊಡ್ಡದು. ಇಸಂಬಾರ್ಡ್ ಬ್ರುನೆಲ್ ಎಂಬ ಸುಪ್ರಸಿದ್ಧ ಇಂಜಿನಿಯರನು ಅದನ್ನು ರೂಪಿಸಿದ್ದನು. ಚಳಿಗಾಲದ ಅಲೆಗಳು ಅದನ್ನು ಒಡೆಯದಂತೆ ಸೌದೆಯ ಹೊರೆಗಳಿಂದ ಒಂದು ತಡೆಯನ್ನು ಕಟ್ಟಿಸಿ ಬ್ರುನೆಲನು ಕಾಪಾಡಿದನು. ಆದರೆ ಅದನ್ನು ಮರಳಿನಿಂದ ಎಬ್ಬಿಸುವವರು ಬೇಕಾಗಿದ್ದರು.

ಈ ಕೆಲಸಕ್ಕೆ ಬ್ರೆಮ್ನರನೂ ಅವನ ಮಗ ಅಲೆಕ್ಸಾಂಡರನೂ ಬಂದರು. ಮರಳು ತುಂಬಿದ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಹಡಗಿನ ಪಕ್ಕಗಳಲ್ಲಿ ಸರಪಳಿಗಳಿಂದ ತೂಗಿಬಿಟ್ಟು, ಅವುಗಳ ಭಾರವು ಹಡಗನ್ನು ಮೇಲಕ್ಕೆ ಸೆಳೆಯುವಂತೆ ಏರ್ಪಡಿಸಿದರು. ಭರತ ಬಂದು ಹಡಗು ಸ್ವಲ್ಪ ಎದ್ದಾಗ ಅದರ ಅಡಿಗೆ ಕಲ್ಲು ಮರಗಳನ್ನು ತುರುಕಿದರು. ನೀರು ಇಳಿದರೂ ಹಡಗು ಮತ್ತೆ ಹಿಂದಿನಷ್ಟು ಕೆಳಕ್ಕೆ ಕೂರಲಾರದಾಯಿತು. ತಳದ ತೂತುಗಳನ್ನು ಮುಚ್ಚಿದರು. ಕಲ್ಲುಗಳನ್ನು ಎತ್ತಲು ಬಳಸಿದ ಭರತವೇ ಇಲ್ಲಿಯೂ ಅವರಿಗೆ ನೆರವಾಯಿತು. ಕಡೆಗೆ 1847ರ ಆಗಸ್ಟ್ 27ರಂದು ಆ ಮಹಾನೌಕೆ ಮರಳನ್ನು ಬಿಟ್ಟು ತೇಲಿತು. ಬಹುಕಾಲ ಸಮುದ್ರದಲ್ಲಿ ಸಂಚರಿಸಿದ ಆ ಹಡಗನ್ನು 1970ರಲ್ಲಿ ಅದು ಹುಟ್ಟಿದ ಬ್ರಿಸ್ಟಲ್ ನಗರಕ್ಕೆ ಮರಳಿ ತಂದು, ವಸ್ತುಪ್ರದರ್ಶನವಾಗಿ ಕಾಪಾಡಿಕೊಂಡು ಬಂದಿದ್ದಾರೆ.

ಇಷ್ಟಾದರೂ ಸಮುದ್ರವು ಮನುಷ್ಯನಿಗೆ ಪೂರ್ತಿಯಾಗಿ ಸೋಲಲಿಲ್ಲ. ಮರುವರ್ಷವೇ, 1848ರ ಆಗಸ್ಟ್ 18ರ ಸಂಜೆ, ವಿಕ್ ಬಂದರಿನಿಂದ ನೂರಾರು ದೋಣಿಗಳು ಹೆರಿಂಗ್ ಮೀನಿಗಾಗಿ ಹೊರಟವು. ಅವು ಮೇಲುಮುಚ್ಚಳವಿಲ್ಲದ ತೆರೆದ ದೋಣಿಗಳು. ರಾತ್ರಿ ಇದ್ದಕ್ಕಿದ್ದಂತೆ ಬಿರುಗಾಳಿಯೆದ್ದಿತು. ದೋಣಿಗಳು ಬಂದರಿನತ್ತ ಧಾವಿಸಿದವು. ಆದರೆ ಸಮುದ್ರವು ಇಳಿದಿದ್ದ ವೇಳೆಯದು. ಬಂದರಿನ ಬಾಯಲ್ಲಿ ದೋಣಿ ನುಗ್ಗುವಷ್ಟು ನೀರಿರಲಿಲ್ಲ. ಬಾಗಿಲ ಬಳಿಗೆ ಬಂದೂ ಒಳಗೆ ಸೇರಲಾರದೆ ಎಷ್ಟೋ ದೋಣಿಗಳು ಅಲ್ಲಿಯೇ ಒಡೆದವು. ದಡದಲ್ಲಿ ನಿಂತಿದ್ದ ಮಡದಿ ಮಕ್ಕಳ ಕಣ್ಣೆದುರಿನಲ್ಲಿಯೇ ಮನೆಯ ಯಜಮಾನರು ನೀರಿನ ಪಾಲಾದರು. ವಿಕ್ ಒಂದರಲ್ಲಿಯೇ 37 ಮಂದಿ ಮಡಿದರು. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯುದ್ದಕ್ಕೂ ಆ ಬಿರುಗಾಳಿಗೆ ಬಲಿಯಾದವರು ಸುಮಾರು 100 ಮಂದಿ.

ಈ ದುರಂತದ ವಿಚಾರಣೆಗೆ ಸರಕಾರವು ನೌಕಾಪಡೆಯ ಕ್ಯಾಪ್ಟನ್ ಜಾನ್ ವಾಷಿಂಗ್ಟನ್ನನನ್ನು ನೇಮಿಸಿತು. 1849ರಲ್ಲಿ ಹೊರಬಂದ ಅವನ ವರದಿಯು ಯಾವ ಯಾವ ಬಂದರಿನಲ್ಲಿ ಎಷ್ಟು ನೀರಿತ್ತು, ದೋಣಿಗಳ ಆಕಾರ ಹೇಗಿತ್ತು, ಎಂತಹ ದೋಣಿ ಉಳಿಯಿತು ಎಂಬುದನ್ನೆಲ್ಲ ಬಿಡಿಸಿ ಹೇಳಿತು. ಇಳಿತದಲ್ಲಿಯೂ ಹೊಗಬಹುದಾದ ಆಳದ ಬಂದರುಗಳು ಬೇಕು, ದೋಣಿಗಳಿಗೆ ಮೇಲುಮುಚ್ಚಳ ಬೇಕು ಎಂದು ಸಾರಿತು. ಸತ್ತವರು ಹಿಂದಿರುಗಿ ಬರಲಿಲ್ಲ. ಆದರೆ ಅವರ ಸಾವು ಏಕಾಯಿತೆಂಬುದು ಬರಹದಲ್ಲಿ ಉಳಿಯಿತು. ಮುಂದೆ ಕಡಲಿಗೆ ಇಳಿಯುವವರಿಗೆ ಅದು ಎಚ್ಚರಿಕೆಯಾಯಿತು.

ವಿಕ್ ಕೊಲ್ಲಿಯ ಕಥೆ ಅಲ್ಲಿಗೂ ಮುಗಿಯಲಿಲ್ಲ. ದೀಪಸ್ತಂಭಗಳನ್ನು ಕಟ್ಟುವುದರಲ್ಲಿ ಹೆಸರಾದ ಮನೆತನದ ಥಾಮಸ್ ಸ್ಟೀವನ್‌ಸನ್ ಎಂಬ ಇಂಜಿನಿಯರನ ಯೋಜನೆಯಂತೆ, 1863ರಲ್ಲಿ ಆ ಕೊಲ್ಲಿಗೆ ಒಂದು ದೊಡ್ಡ ಅಲೆತಡೆಯನ್ನು ಕಟ್ಟತೊಡಗಿದರು. ಮುಂದೆ ‘ಟ್ರೆಷರ್ ಐಲೆಂಡ್’ ಎಂಬ ಕಾದಂಬರಿಯನ್ನು ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವನ ಮಗ; ಅವನೂ 1868ರಲ್ಲಿ ಕೆಲಸ ಕಲಿಯಲೆಂದು ವಿಕ್‌ನಲ್ಲಿ ಕೆಲಕಾಲ ಇದ್ದನು. 1872ರ ಡಿಸೆಂಬರಿನ ಬಿರುಗಾಳಿಯಲ್ಲಿ ಅಲೆಗಳು ಆ ಗೋಡೆಯ ತುದಿಯಲ್ಲಿದ್ದ 1,350 ಟನ್ ತೂಕದ ಭಾಗವನ್ನು ಒಂದೇ ತುಂಡಾಗಿ ಕಿತ್ತು ಎಸೆದವು. ಅದರ ಸ್ಥಳದಲ್ಲಿ 2,600 ಟನ್ ತೂಕದ ಹೊಸ ಭಾಗವನ್ನು ಕಟ್ಟಿದರೆ, 1877ರಲ್ಲಿ ಅದನ್ನೂ ಸಮುದ್ರವು ಕೊಂಡೊಯ್ದಿತು. ಕಡೆಗೆ ಆ ಕೆಲಸವನ್ನೇ ಕೈಬಿಡಬೇಕಾಯಿತು. ತನಗೆ ಒದಗಿದ ಈ ಸೋಲನ್ನು ಸ್ಟೀವನ್‌ಸನ್ನನು ಮುಚ್ಚಿಡಲಿಲ್ಲ. 1872ರ ಬಿರುಗಾಳಿಯು ಮಾಡಿದ ಹಾನಿಯನ್ನು ಬಂದರುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅಂಕಿ ಅಂಶಗಳೊಡನೆ ಬರೆದನು. ಅಲೆಗೆ ಎಂತಹ ಬಲವಿದೆಯೆಂಬುದನ್ನು ಮುಂದಿನ ಇಂಜಿನಿಯರುಗಳು ಈ ಸೋಲಿನಿಂದಲೇ ಅರಿತರು.

ಗೆಲುವನ್ನು ಬರೆಯುವುದು ಸುಲಭ. ಸೋಲನ್ನು ಬರೆಯಲು ಧೈರ್ಯ ಬೇಕು. ಎರಡನ್ನೂ ಬರೆದಿಟ್ಟಾಗ ಮಾತ್ರ ಒಂದು ಕಸುಬು ವಿದ್ಯೆಯಾಗಿ ಬೆಳೆಯುತ್ತದೆ. ಬ್ರೆಮ್ನರನ ಪೀಪಾಯಿಗಳು ಕೊಳೆತು ಹೋದವು. ಅವನ ಸರಪಳಿಗಳು ತುಕ್ಕು ಹಿಡಿದವು. ಅವನು ಕಟ್ಟಿದ ಮರದ ಹಡಗುಗಳು ಕಾಲನ ವಶವಾದವು. ಆದರೆ ಕಲ್ಲನ್ನು ತೇಲಿಸಿದ ಬಗೆ ಸಂಸ್ಥೆಯ ನಡವಳಿಯ ಪುಟಗಳಲ್ಲಿ ಉಳಿದಿದೆ. ಓದಬಲ್ಲವರೆಲ್ಲರ ಸ್ವತ್ತು ಅದು.

ಜೇಮ್ಸ್ ಬ್ರೆಮ್ನರನು 1856ರ ಆಗಸ್ಟಿನಲ್ಲಿ ತೀರಿಕೊಂಡನು. 1903ರಲ್ಲಿ ವಿಕ್‌ನ ಜನ ಕೊಲ್ಲಿಯ ದಕ್ಷಿಣದ ದಡದಲ್ಲಿ, ಕಡಲಿಗೆ ಎದುರಾಗಿ, ಅವನ ನೆನಪಿಗೆ ಕಲ್ಲಿನ ಸ್ತಂಭವೊಂದನ್ನು ನಿಲ್ಲಿಸಿದರು. ಬೆಳ್ಳಿಯ ಪದಕವೊಂದನ್ನು ತಕ್ಕಡಿಯಲ್ಲಿಟ್ಟು ತೂಗಿದರೆ ಅದರ ಬೆಲೆ ಅಲ್ಪವೇ ಸರಿ. ಆದರೆ ಬಲ್ಲವನು ತಾನು ಬಲ್ಲುದನ್ನು ಹಂಚಿಕೊಳ್ಳಬೇಕು, ಹಾಗೆ ಹಂಚಿಕೊಂಡವನನ್ನು ಸಮಾಜವು ಗೌರವಿಸಬೇಕು ಎಂಬ ಹಿರಿಯ ನಂಬಿಕೆಯೊಂದು ಆ ಬಿಲ್ಲೆಯಲ್ಲಿ ಅಚ್ಚಾಗಿದೆ. ಕುರುಬನ ಮಗನು ಸ್ಥಾಪಿಸಿ, ಸೈನಿಕನ ಮಗನು ಪಡೆದ ಆ ಪದಕದ ಹಿರಿಮೆ ಇರುವುದು ಅದರ ಬೆಳ್ಳಿಯಲ್ಲಲ್ಲ, ಈ ನಂಬಿಕೆಯಲ್ಲಿ.